ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಕೂಡುವ ಲೆಕ್ಕದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಕಳೆದ ವಾರದ ಸಭೆಯಲ್ಲಿ ನಿಮ್ಮಲ್ಲಿ ಹಲವರು ಒಂದೇ ಚಿಂತೆಯನ್ನು ಹೇಳಿಕೊಂಡಿರಿ: ಮಗು ಇನ್ನೂ ಬೆರಳು ಮಡಚಿಯೇ ಕೂಡುತ್ತದೆ, ಈ ಅಭ್ಯಾಸ ಬಿಡಿಸುವುದು ಹೇಗೆ? ಅಂದು ಸಮಯ ಸಾಲದೆ ಸಮಾಧಾನವಾಗಿ ಉತ್ತರಿಸಲು ಆಗಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಬೆರಳೆಣಿಕೆ ತಪ್ಪಲ್ಲ. ನಮ್ಮ ಹಿರಿಯರು ನಾಲ್ಕು ಬೆರಳುಗಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಒಂದೇ ಕೈಯಲ್ಲಿ ಹನ್ನೆರಡರವರೆಗೆ ಎಣಿಸುತ್ತಿದ್ದರು. ಆದ್ದರಿಂದ ದಯವಿಟ್ಟು ಮಗುವಿನ ಕೈಗೆ ಹೊಡೆಯಬೇಡಿ, ಕೈ ಹಿಂದೆ ಕಟ್ಟಿಕೊ ಎಂದೂ ಹೇಳಬೇಡಿ. ಅದರ ಬದಲು ಮಗು ಎಲ್ಲಿಂದ ಎಣಿಸಲು ಶುರುಮಾಡುತ್ತದೆ ಎಂಬುದನ್ನು ಗಮನಿಸಿ. ಎಂಟಕ್ಕೆ ಐದು ಕೂಡಿಸು ಎಂದಾಗ ಒಂದರಿಂದಲೇ ಹೊರಟು ಹದಿಮೂರರವರೆಗೆ ಎಣಿಸಿದರೆ ಅದು ಮೊದಲ ಹಂತ. ಎಂಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂಬತ್ತು, ಹತ್ತು, ಹನ್ನೊಂದು ಎಂದು ಮುಂದಕ್ಕೆ ಹೋದರೆ ಎರಡನೆಯದು. ಈ ಹಂತದಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಏಳಕ್ಕೆ ಆರು ಕೂಡಿಸುವಾಗ ಎಂಟರಿಂದ ಹೊರಡದೆ ಏಳನ್ನೇ ಮತ್ತೊಮ್ಮೆ ಎಣಿಸಿ ಹನ್ನೆರಡು ಎನ್ನುತ್ತಾರೆ. ಉತ್ತರ ಒಂದು ಕಡಿಮೆ ಬಂದರೆ ಗದರಿಸದೆ, ಹೇಗೆ ಎಣಿಸಿದೆ, ನನಗೂ ತೋರಿಸು ಎಂದು ಕೇಳಿ. ತೋರಿಸುವಾಗ ಬಹಳಷ್ಟು ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

ಎಣಿಸದೆಯೇ ಉತ್ತರ ಹೊಳೆಯುವುದು ಮೂರನೆಯ ಹಂತ. ಅಲ್ಲಿಗೆ ಹೋಗಲು ಪಟ್ಟಿಯನ್ನು ಬಾಯಿಪಾಠ ಮಾಡಿಸುವ ದಾರಿಯನ್ನು ನಾನು ಒಪ್ಪುವುದಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಎರಡೆರಡಾಗಿ ಕೂಡಿದರೆ 100 ಲೆಕ್ಕಗಳಾಗುತ್ತವೆ ಎಂಬುದು ನಿಜ. ಆದರೆ ಮೂರಕ್ಕೆ ಐದು ಕೂಡಿದರೂ ಐದಕ್ಕೆ ಮೂರು ಕೂಡಿದರೂ ಒಂದೇ ಎಂಬುದು ಮಗುವಿಗೆ ಮನವರಿಕೆಯಾದ ಕೂಡಲೇ ಅವು 55ಕ್ಕೆ ಇಳಿಯುತ್ತವೆ. ಅವುಗಳಲ್ಲಿ ಸೊನ್ನೆ ಅಥವಾ ಒಂದನ್ನು ಕೂಡುವ 19 ಲೆಕ್ಕಗಳು ಮಗುವಿಗೆ ಆಗಲೇ ಬರುತ್ತವೆ. ಎರಡೂ ಎರಡೂ ನಾಲ್ಕು, ಮೂರೂ ಮೂರೂ ಆರು ಎಂಬಂತಹ ಜೋಡಿಗಳು ಇನ್ನು ಎಂಟು. ಅವನ್ನು ಮಕ್ಕಳು ಹಾಡಿನಂತೆ ಬೇಗ ಕಲಿಯುತ್ತಾರೆ. ಆರೂ ಆರೂ ಹನ್ನೆರಡು ಎಂದು ಗೊತ್ತಿದ್ದ ಮಗುವಿಗೆ ಆರೂ ಏಳೂ ಅದಕ್ಕಿಂತ ಒಂದು ಹೆಚ್ಚು ಎಂದು ತೋರಿಸಲು ಕಷ್ಟವಿಲ್ಲ.

ಉಳಿದವುಗಳಿಗೆ ಹತ್ತೇ ಆಸರೆ, ಮತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ನೆಲದ ಮೇಲೆ ಸೀಮೆಸುಣ್ಣದಿಂದ ಐದೈದು ಮನೆಗಳ ಎರಡು ಸಾಲು ಬರೆದು, ಮನೆಗೊಂದರಂತೆ ಹುಣಸೆ ಬೀಜ ಇಡಿಸಿ. ಮೊನ್ನೆ ಎರಡನೇ ತರಗತಿಯ ಬಾಲಕಿಯೊಬ್ಬಳು ನನ್ನ ಎದುರು ಕುಳಿತು ಎಂಟು ಮನೆಗಳಲ್ಲಿ ಬೀಜವಿಟ್ಟು, ಅಂಗೈಯಲ್ಲಿ ಐದನ್ನು ಹಿಡಿದಿದ್ದಳು. ಖಾಲಿ ಉಳಿದ ಎರಡು ಮನೆಗಳನ್ನು ನೋಡಿ, ಎರಡು ಬೀಜ ಅಲ್ಲಿಟ್ಟು, ಅಂಗೈ ಬಿಡಿಸಿ ಉಳಿದ ಮೂರನ್ನು ಕಂಡು, "ಹತ್ತು ತುಂಬ್ತು, ಹದಿಮೂರು" ಎಂದಳು. ಒಂಬತ್ತಕ್ಕೆ ಐದು ಎಂದಾಗ ಅವಳು ಬೀಜವನ್ನು ಮುಟ್ಟಲೇ ಇಲ್ಲ. ಮನೆಗಳನ್ನು ಒಮ್ಮೆ ನೋಡಿ ಹದಿನಾಲ್ಕು ಎಂದಳು.

ಕನ್ನಡದ ಎಣಿಕೆ ಇಲ್ಲಿ ಮಗುವಿಗೆ ತುಂಬಾ ನೆರವಾಗುತ್ತದೆ. ಹದಿಮೂರು, ಹದಿನಾಲ್ಕು, ಹದಿನೈದು ಎಂಬ ಮಾತುಗಳಲ್ಲೇ ಹತ್ತು ಕೇಳಿಸುತ್ತದೆ, ಅದರ ಬೆನ್ನಿಗೇ ಉಳಿದ ಬಿಡಿ ಸಂಖ್ಯೆಯೂ ಕೇಳಿಸುತ್ತದೆ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಪದಗಳಲ್ಲಿ ಮಗುವಿಗೆ ಆ ಹತ್ತು ಕಾಣುವುದಿಲ್ಲ. ಇಂಗ್ಲಿಷ್ ಅಂಕಿಗಳನ್ನು ಶಾಲೆಯಲ್ಲಿ ನಾವು ಕಲಿಸುತ್ತೇವೆ. ಮನೆಯಲ್ಲಿ ಕೂಡುವ ಲೆಕ್ಕವನ್ನು ದಯವಿಟ್ಟು ಕನ್ನಡದಲ್ಲೇ ಮಾಡಿಸಿ. ಮನೆಮಾತು ತಮಿಳು ಅಥವಾ ತೆಲುಗು ಆಗಿದ್ದರೆ ಆ ಮಾತಿನಲ್ಲೇ ಆಗಲಿ.

ದಿನಕ್ಕೆ ಹತ್ತು ನಿಮಿಷ ಸಾಕು, ಅದೂ ಮಗುವಿಗೆ ಹಸಿವು ನಿದ್ದೆ ಇಲ್ಲದ ಹೊತ್ತಿನಲ್ಲಿ. ಲೂಡೋ ಆಡುವಾಗ ಒಂದರ ಬದಲು ಎರಡು ದಾಳ ಹಾಕಿ ಕೂಡಿ ನಡೆಸಿದರೆ ಅಭ್ಯಾಸ ತಾನಾಗಿಯೇ ಆಗುತ್ತದೆ. ತಟ್ಟೆಗಳನ್ನು ಹಾಕುವಾಗ, ಆರು ಇವೆ, ಹತ್ತು ಜನಕ್ಕೆ ಇನ್ನೆಷ್ಟು ಬೇಕು ಎಂದು ಕೇಳಿದರೆ ಕಳೆಯುವ ಲೆಕ್ಕಕ್ಕೂ ತಳಪಾಯ ಬೀಳುತ್ತದೆ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ನಾವು ದೊಡ್ಡವರು ಅವಸರಪಟ್ಟು ಉತ್ತರ ಹೇಳಿಬಿಡುತ್ತೇವೆ, ಮಗುವಿನ ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ. ಅಕ್ಕನೊಡನೆಯೋ ಪಕ್ಕದ ಮನೆಯ ಮಗುವಿನೊಡನೆಯೋ ಹೋಲಿಸಬೇಡಿ. ನಲಿ-ಕಲಿ ತರಗತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಕಾ ಏಣಿಯನ್ನು ಹತ್ತುತ್ತದೆ. ಮನೆಯಲ್ಲೂ ಹಾಗೆಯೇ ಇರಲಿ.

ಓದು ಬರಹ ಬಾರದ ನಾವು ಹೇಗೆ ಕಲಿಸುವುದು ಎಂದು ಒಬ್ಬ ತಾಯಿ ಸಭೆ ಮುಗಿದ ಮೇಲೆ ಮೆಲ್ಲನೆ ಕೇಳಿದರು. ಅಮ್ಮಾ, ಸಂತೆಯಲ್ಲಿ ತರಕಾರಿಯ ದುಡ್ಡನ್ನು ನೀವು ಬಾಯಲ್ಲೇ ಕೂಡುತ್ತೀರಲ್ಲ, ಅದನ್ನೇ ಮಗುವಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳುತ್ತಾ ಕೂಡಿ.

ಈ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಅರ್ಧ ಗಂಟೆ ನಾನು ಒಂದನೇ ತರಗತಿಯ ಕೋಣೆಯಲ್ಲೇ ಇರುತ್ತೇನೆ. ಹತ್ತು ಮನೆಯ ಆಟವನ್ನು ಮಕ್ಕಳೇ ನಿಮಗೆ ಆಡಿ ತೋರಿಸುತ್ತಾರೆ. ಬರುವಾಗ ಒಂದು ಹಿಡಿ ಹುಣಸೆ ಬೀಜ ತನ್ನಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ