ಗಾಳಿಪಟ ಸಾಕು, ಆಕೆಯ ತಾರೀಖು ಎಲ್ಲಿ?

ಮಾನ್ಯ ಸಂಪಾದಕರೇ,

ಅಮೆರಿಕದ ಸ್ವಾತಂತ್ರ್ಯಕ್ಕೆ 250 ವರ್ಷ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಆ ದೇಶ ಕಟ್ಟಿದವರಲ್ಲೊಬ್ಬನಾದ, ಮುದ್ರಕನೂ ವಿಜ್ಞಾನಿಯೂ ಆಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಇಡೀ ಪುಟ ಬಂದಿತ್ತಲ್ಲ, ಅದನ್ನು ಓದಿಯೇ ನಾನು ನಿನ್ನೆ ಕೆಟ್ಟೆ. ಸದ್ಯ ಫಿಲಡೆಲ್ಫಿಯಾ ಹತ್ತಿರ ಮಗಳ ಮನೆಯಲ್ಲಿದ್ದೇನೆ. ಆತ ಈ ಊರಿನ ಪೋಸ್ಟ್ ಮಾಸ್ಟರ್ ಆಗಿದ್ದ ಅಂತ ನೀವೇ ಬರೆದಿದ್ದಿರಿ. ನಾನೂ ಅಂಚೆ ಇಲಾಖೆಯಲ್ಲಿ ಮೂವತ್ತೈದು ವರ್ಷ ಸವೆಸಿದವನು. ನಮ್ಮ ಇಲಾಖೆಯವನೇ ಅಲ್ವಾ, ಸಮಾಧಿ ನೋಡಿ ಬರೋಣ ಅಂತ ಹೊರಟೆ.

ಎರಡು ರೈಲು ಬದಲಿಸಬೇಕಾಯಿತು. ಎರಡನೆಯದು ಮುಕ್ಕಾಲು ಗಂಟೆ ತಡ. ಸುಡು ಬಿಸಿಲು, ಮಂಡಿ ನೋವು. ಇಲ್ಲಿನ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಬೇಡಪ್ಪಾ ಅಂತ ಮಗಳು ತಾಕೀತು ಮಾಡಿದ್ದಳು. ನೀರಿನ ಬಾಟಲಿ ಕೈಯಲ್ಲಿ ಹಿಡಿದು ಲೆಕ್ಕ ಹಾಕಿದೆ, ಬಾಯಾರಿಕೆಯೇ ಹೋಯಿತು. ಗೈಡ್‌ಗೆ ಕೊಟ್ಟಿದ್ದು ಬೇರೆ.

ಆ ಗೈಡ್ ಮಹಾಶಯ ಮಿಂಚೂ ವಿದ್ಯುತ್ತೇ ಅಂತ ತೋರಿಸಲು ಫ್ರಾಂಕ್ಲಿನ್ ಗುಡುಗು ಮೋಡಕ್ಕೆ ಗಾಳಿಪಟ ಹಾರಿಸಿದ ಕಥೆಯನ್ನು ಒಂದೂವರೆ ಗಂಟೆಯಲ್ಲಿ ಮೂರು ಸಲ ಹೇಳಿದ. ಕ್ರೈಸ್ಟ್ ಚರ್ಚ್ ಸ್ಮಶಾನದಲ್ಲಿ ಎಲ್ಲರೂ ಕಲ್ಲಿನ ಮೇಲೆ ಸೆಂಟ್ ನಾಣ್ಯ ಎಸೆದು ಫೋಟೋ ತೆಗೆಸಿಕೊಂಡರು. ಹೀಗೆ ಎಸೆದೂ ಎಸೆದೂ ಆ ಕಲ್ಲಿನಲ್ಲಿ ಗುಳಿ ಬಿದ್ದು, ರಿಪೇರಿಗೆ ಊರಿನವರು ಚಂದಾ ಎತ್ತಿದ್ದರು. ಕಾಸು ಉಳಿಸಿ ಅಂದವನಿಗೆ ಕಾಸೆಸೆದು ಭಕ್ತಿ!

ಕಲ್ಲಿನ ಮೇಲೆ ಇರುವುದು ಇಷ್ಟೇ: ಬೆಂಜಮಿನ್ ಮತ್ತು ಡೆಬೊರಾ ಫ್ರಾಂಕ್ಲಿನ್, 1790. ನಾನು ಸುಮ್ನೆ ಕೇಳಿದೆ, ಡೆಬೊರಾ ತೀರಿಕೊಂಡಿದ್ದು 1774ರ ಡಿಸೆಂಬರ್ 19ಕ್ಕಲ್ವಾ, ಆ ತಾರೀಖು ಎಲ್ಲಿ ಅಂತ. ಗೈಡ್ "ಓ, ಆತನ ಹೆಂಡತಿ" ಅಂದು ಮುಂದಕ್ಕೆ ನಡೆದೇಬಿಟ್ಟ. ಈ ಒಕ್ಕಣೆ ಬರೆಸಿದ್ದು ಫ್ರಾಂಕ್ಲಿನ್ನೇ. ಉಯಿಲಿನಲ್ಲಿ ಇಬ್ಬರ ಹೆಸರೂ ಬರೆದು, ಇಸವಿಗೆ 178 ಅಂತ ಹಾಕಿ, ಕೊನೆಯ ಅಂಕಿಗೆ ಜಾಗ ಬಿಟ್ಟಿದ್ದ. ಆಗ ಆಕೆ ಸತ್ತು ಹದಿನಾಲ್ಕು ವರ್ಷ. ನಮ್ಮ ಕಚೇರಿಯಲ್ಲಿ ಮೊಹರಿನ ತಾರೀಖು ಒಂದು ದಿನ ತಪ್ಪಿದರೆ ಮೆಮೊ ಕೊಡುತ್ತಿದ್ದರು. ಇಲ್ಲಿ ಹದಿನಾರು ವರ್ಷ ತಪ್ಪಿದೆ, ಕೇಳುವವರಿಲ್ಲ.

ನಿಮ್ಮ ಲೇಖನವೇನು ಕಡಿಮೆಯೇ? 'ಪತ್ನಿ ಅಷ್ಟೇನೂ ಓದಿದವರಲ್ಲ' ಅಂತ ಒಂದೇ ಸಾಲು. ಕಾಗುಣಿತ ಬರುತ್ತಿರಲಿಲ್ಲ, ನಿಜ. ಆದರೆ ಛಾಪಖಾನೆಯಲ್ಲಿ ಹಾಳೆ ಮಡಚಿ ಹೊಲಿದವಳು, ಅಂಗಡಿ ನೋಡಿಕೊಂಡವಳು, ಹಳೇ ಬಟ್ಟೆಯಿಂದ ಕಾಗದ ಮಾಡುವವರಿಗೆ ಚಿಂದಿ ಕೊಂಡುಕೊಟ್ಟವಳು ಆಕೆ. ಗಂಡ ಹಡಗು ಹತ್ತಿದ ಮೇಲೆ ಅಂಚೆಯ ಲೆಕ್ಕವೂ ಆಕೆಯ ತಲೆಗೇ. ಆಕೆಯ ಕೊನೆಯ 17 ವರ್ಷಗಳಲ್ಲಿ ಸುಮಾರು 15 ವರ್ಷ ಈತ ಲಂಡನ್‌ನಲ್ಲಿದ್ದ. ಆಕೆಗೆ ಸಮುದ್ರ ಅಂದರೆ ಭಯ, ಜೊತೆಗೆ ಹೋಗಲಿಲ್ಲ. 1765ರಲ್ಲಿ ಬ್ರಿಟಿಷರು ಕಾಗದಪತ್ರಗಳ ಮೇಲೆ ತೆರಿಗೆ ಹಾಕಿದ ಸ್ಟ್ಯಾಂಪ್ ಕಾಯ್ದೆಯ ಗಲಾಟೆಯಾಗಿ, ಅದಕ್ಕೆ ಗಂಡನ ಬೆಂಬಲವಿದೆ ಅಂತ ಮನೆ ಮೇಲೆ ಜನ ನುಗ್ಗುತ್ತಾರೆ ಅಂದಾಗ ಮಗಳನ್ನು ಊರಾಚೆ ಕಳಿಸಿ, ಬಂದೂಕು ತರಿಸಿಕೊಂಡು, ನಾನು ಯಾರಿಗೂ ಏನೂ ಮಾಡಿಲ್ಲ, ಯಾಕೆ ಹೋಗಲಿ ಅಂತ ಅಲ್ಲೇ ಕೂತಳು. ದೇವತೆ ಅಂತ ನಾನೇನೂ ಹೇಳುತ್ತಿಲ್ಲ, ಆ ಮನೆಯಲ್ಲಿ ಗುಲಾಮರಿದ್ದರು.

ಗಾಳಿಪಟದ ಪ್ರಿಯರಿಗೆ ಇನ್ನೊಂದು. ಮೋಡದಿಂದ ವಿದ್ಯುತ್ ಇಳಿದರೆ ತಾವೇ ಬಾರಿಸಿಕೊಳ್ಳುವ ಗಂಟೆಗಳನ್ನು ಈ ಮಹಾನುಭಾವ ಮನೆಯೊಳಗೇ ಕಟ್ಟಿದ್ದ. ಗುಡುಗು ಮಳೆಯಲ್ಲಿ ಅದರ ಜೊತೆ ಮನೆಯಲ್ಲಿದ್ದವಳು ಈಕೆ. ಹೆದರಿಕೆ ಆದರೆ ಒಂದು ಗಂಟೆಯಿಂದ ಇನ್ನೊಂದಕ್ಕೆ ತಂತಿ ಕಟ್ಟು ಅಂತ 1758ರಲ್ಲಿ ಲಂಡನ್‌ನಿಂದ ಉತ್ತರ ಬಂತು. ಆಕೆಗೆ ಪಾರ್ಶ್ವವಾಯು ಹೊಡೆದ ಮೇಲೂ ಈತ ಬರಲಿಲ್ಲ. ಬಂದಿದ್ದು 1775ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಆಕೆ ಹೋಗಿ ನಾಲ್ಕೂವರೆ ತಿಂಗಳಾಗಿತ್ತು.

ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಆಕೆ ಮುಂದೆ ನಿಂತು ಕಟ್ಟಿಸಿದ ಮನೆ ಈಗಿಲ್ಲ. ಆ ಜಾಗದಲ್ಲಿ ಬರೀ ಉಕ್ಕಿನ ಚೌಕಟ್ಟು. ಮನೆ ಬಗ್ಗೆ ಗಂಡ ಹೆಂಡತಿ ಬರೆದುಕೊಂಡ ಕಾಗದದ ಸಾಲುಗಳನ್ನು ಕೆಳಗೆ ನೆಲಹಾಸಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ನಮ್ಮ ಗುಂಪಿನವರು ಅದರ ಮೇಲೇ ನಿಂತು ಕಾಫಿ ಕುಡಿಯುತ್ತಿದ್ದರು.

ನನಗೆ ಯಾಕೆ ಇಷ್ಟು ಉರಿಯಿತು ಅಂದರೆ, ನಮ್ಮೂರ ಅಂಚೆ ಕಚೇರಿ ನಮ್ಮ ಮನೆ ಜಗಲಿಯಲ್ಲೇ ಇತ್ತು. ಪೋಸ್ಟ್ ಮಾಸ್ತರು ಅಪ್ಪ, ಇರುತ್ತಿದ್ದದ್ದು ತೋಟದಲ್ಲಿ. ಮೊಹರು ಒತ್ತಿ, ಮನಿಯಾರ್ಡರ್ ಎಣಿಸಿ ಕೊಡುತ್ತಿದ್ದದ್ದು ಅಮ್ಮ. ಇನ್‌ಸ್ಪೆಕ್ಟರ್ ಸಾಹೇಬರು ಬಂದರೆ ಅಮ್ಮನ ಕೈಯಲ್ಲೇ ಕಾಫಿ ಕುಡಿದು "ಮಾಸ್ತರು ಎಲ್ಲಮ್ಮಾ?" ಅನ್ನೋರು. ನಾನು ನಿವೃತ್ತನಾದಾಗ ಪಿಂಚಣಿ ಕಾಗದದಲ್ಲಿ ನನ್ನ ಹೆಂಡತಿಯ ಹೆಸರು ತಪ್ಪಾಗಿ ಬರೆದು ಎಂಟು ತಿಂಗಳು ಅಲೆಸಿದರು. ಏನ್ರೀ ಇದು ಅಂದರೆ, "ಹೆಸರು ತಾನೇ, ಮುಂದೆ ನೋಡೋಣ ಬಿಡಿ" ಅಂತ ಉತ್ತರ. ಆ ಬಾಬುಗಳಿಗೂ ಈ ಗೈಡ್‌ಗೂ ಏನು ವ್ಯತ್ಯಾಸ?

ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಆ ಕಲ್ಲನ್ನು ತಿದ್ದಲು ಆಗುವುದಿಲ್ಲ ಅಂದರೆ ಪಕ್ಕದಲ್ಲಿ ಒಂದು ಫಲಕ ಹಾಕಲಿ. ನೀವಾದರೂ ಡೆಬೊರಾ ಬಗ್ಗೆ ಅರ್ಧ ಪುಟ ಬರೆಯಿರಿ, ಇಲ್ಲವಾದರೆ ಗಾಳಿಪಟದ ಚಿತ್ರ ಹಾಕುವುದನ್ನು ನಿಲ್ಲಿಸಿ. ವಯಸ್ಸಾದವರು ಕೂರಲು ಗೈಡ್‌ಗಳು ಒಂದು ಮಡಚುವ ಕುರ್ಚಿಯನ್ನಾದರೂ ತರಬಾರದೇ?

— ನಿವೃತ್ತ ಅಂಚೆ ನೌಕರ, ಶಿವಮೊಗ್ಗ (ಸದ್ಯ ಫಿಲಡೆಲ್ಫಿಯಾ)