ಕಂಬದ ತಲೆಯ ಮೇಲಿನ ಗೆರೆ ಯಾವುದು?

ಮಾನ್ಯರೇ,

ರಾಗಿ, ಭತ್ತ, ತೊಗರಿ ತಳಿಗಳ ಇಳುವರಿ ಹೋಲಿಸುವ ಕಂಬನಕ್ಷೆಗಳು ಈಗ ಪತ್ರಿಕೆಗಳ ಕೃಷಿ ಪುಟಗಳಲ್ಲೂ ಬರುತ್ತಿವೆ. ಒಳ್ಳೆಯದೇ. ಆದರೆ ಕಂಬದ ತಲೆಯ ಮೇಲೆ ಮೇಲಕ್ಕೂ ಕೆಳಕ್ಕೂ ಚಾಚಿಕೊಂಡ ಸಣ್ಣ ಗೆರೆ, ಅಂದರೆ ಎರರ್ ಬಾರ್, ಏನನ್ನು ತೋರಿಸುತ್ತಿದೆ ಎಂದು ಅಡಿಬರಹ ಹೇಳುವುದು ಅಪರೂಪ. ಹೇಳದಿದ್ದರೆ ಆ ಗೆರೆ ಇದ್ದೂ ಇಲ್ಲದಂತೆ.

ಒಂದು ತಳಿಯನ್ನು ನಾಲ್ಕು ತಾಕುಗಳಲ್ಲಿ ಬೆಳೆದು ಎಕರೆಗೆ 12, 13, 15, 16 ಕ್ವಿಂಟಲ್ ಬಂತು ಎನ್ನಿ. ಸರಾಸರಿ 14. ತಾಕಿನಿಂದ ತಾಕಿಗೆ ಇರುವ ಏರುಪೇರು, ಅಂದರೆ ಮಾನಕ ವಿಚಲನೆ, 1.83. ಅದನ್ನು 4ರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಸ್ಟ್ಯಾಂಡರ್ಡ್ ಎರರ್, ಅಂದರೆ ಸರಾಸರಿಯೇ ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ, 0.91. ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್‌ಗೆ, ಅಂದರೆ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದರೆ ನೂರಕ್ಕೆ ಸುಮಾರು 95 ಸಲ ನಿಜವಾದ ಸರಾಸರಿಯನ್ನು ಒಳಗೊಳ್ಳುವ ವ್ಯಾಪ್ತಿಗೆ, ಇದನ್ನು 1.96ರಿಂದ ಗುಣಿಸುವವರೇ ಹೆಚ್ಚು. ಆ ಸಂಖ್ಯೆ ದೊಡ್ಡ ಮಾದರಿಗೆ ಸರಿ. ನಾಲ್ಕೇ ತಾಕುಗಳಿದ್ದಾಗ ಸಣ್ಣ ಮಾದರಿಗೆ ಬಳಸುವ ಟಿ ಕೋಷ್ಟಕದ 3.182 ಹಿಡಿಯಬೇಕು, ಆಗ 2.9 ಬರುತ್ತದೆ. ದತ್ತಾಂಶ ಅದೇ, ಆದರೆ ಗೆರೆ 13.1ರಿಂದ 14.9ರವರೆಗೂ (ಸ್ಟ್ಯಾಂಡರ್ಡ್ ಎರರ್) ಇರಬಹುದು, 12.2ರಿಂದ 15.8ರವರೆಗೂ (ಮಾನಕ ವಿಚಲನೆ) ಇರಬಹುದು, 11.1ರಿಂದ 16.9ರವರೆಗೂ (ಇಂಟರ್ವಲ್) ಇರಬಹುದು. ಸ್ಟ್ಯಾಂಡರ್ಡ್ ಎರರ್ ಗೆರೆಯೇ ಎಲ್ಲಕ್ಕಿಂತ ಗಿಡ್ಡ. ನಕ್ಷೆ ಅಚ್ಚುಕಟ್ಟಾಗಿ ಕಾಣಲೆಂದು ಅದನ್ನೇ ಆರಿಸುವವರು ಇಲ್ಲದಿಲ್ಲ.

ಎಷ್ಟೋ ಸಲ ಆರಿಸುವುದು ಮನುಷ್ಯರೂ ಅಲ್ಲ, ತಂತ್ರಾಂಶ. ಸಂಖ್ಯಾಶಾಸ್ತ್ರದ ತಂತ್ರಾಂಶ ಆರ್‌ನ ನಕ್ಷೆ ಪರಿಕರ ಜಿಜಿಪ್ಲಾಟ್‌ನಲ್ಲಿ ಸಾರಾಂಶದ ಗೆರೆ ಕೇಳಿ ಸುಮ್ಮನಿದ್ದರೆ ಒಂದು ಸ್ಟ್ಯಾಂಡರ್ಡ್ ಎರರ್‌ನಷ್ಟು ಎಳೆಯುತ್ತದೆ. ಪೈಥಾನ್ ಭಾಷೆಯ ನಕ್ಷೆ ಪರಿಕರ ಸೀಬಾರ್ನ್‌ನಲ್ಲಿ ಕಂಬನಕ್ಷೆ ಕೇಳಿದರೆ ಬೂಟ್‌ಸ್ಟ್ರ್ಯಾಪ್ ವಿಧಾನದ (ಇರುವ ದತ್ತಾಂಶದಿಂದಲೇ ಮತ್ತೆ ಮತ್ತೆ ಮಾದರಿ ತೆಗೆದು ಲೆಕ್ಕಹಾಕುವ) ಶೇ 95ರ ಇಂಟರ್ವಲ್ ಬರುತ್ತದೆ. ಜಿಜಿಪ್ಲಾಟ್‌ನಲ್ಲೇ ಇನ್ನೊಂದು ತಮಾಷೆ ಇದೆ: ಪ್ರವೃತ್ತಿ ರೇಖೆಯ ಸುತ್ತ ಬೂದು ಪಟ್ಟಿ ಬೇಕೋ ಬೇಡವೋ ಎಂದು ಹೇಳುವ ಆಯ್ಕೆಯ ಹೆಸರು ‘ಎಸ್‌ಇ’, ಅಂದರೆ ಸ್ಟ್ಯಾಂಡರ್ಡ್ ಎರರ್, ಆದರೆ ಬರುವ ಪಟ್ಟಿ ಶೇ 95ರ ಇಂಟರ್ವಲ್. ಆ ಪಟ್ಟಿ ರೇಖೆಗೆ ಸಂಬಂಧಿಸಿದ್ದು. ಚುಕ್ಕೆಗಳಲ್ಲಿ ಅರ್ಧಕ್ಕರ್ಧ ಅದರ ಹೊರಗೆ ಬಿದ್ದರೂ ತಪ್ಪೇನಿಲ್ಲ.

ಎಕ್ಸೆಲ್‌ನದು ಇವೆಲ್ಲಕ್ಕಿಂತ ಕೆಟ್ಟ ಪಜೀತಿ. ಐದು ತಳಿಗಳ ಸರಾಸರಿಗಳಿಂದ ನಕ್ಷೆ ಮಾಡಿ ಎರರ್ ಬಾರ್ ಪಟ್ಟಿಯಲ್ಲಿ ‘ಸ್ಟ್ಯಾಂಡರ್ಡ್ ಎರರ್’ ಒತ್ತಿದರೆ, ತಾಕುಗಳ ಅಂಕಿ ಅದಕ್ಕೆ ಗೊತ್ತೇ ಇರುವುದಿಲ್ಲ. ಆ ಐದು ಸರಾಸರಿಗಳನ್ನೇ ದತ್ತಾಂಶವೆಂದು ತಿಳಿದು ಒಂದು ಸಂಖ್ಯೆ ತೆಗೆದು ಎಲ್ಲ ಕಂಬಗಳಿಗೂ ಅಂಟಿಸುತ್ತದೆ. ಎಕ್ಸೆಲ್ ನಕ್ಷೆಯಲ್ಲಿ ಎಲ್ಲ ಗೆರೆಗಳೂ ಒಂದೇ ಉದ್ದವಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಸರಿಯಾದ ದಾರಿ ಎಂದರೆ, ಪ್ರತಿ ತಳಿಗೂ ಬೇಕಾದ ಅಳತೆಯನ್ನು ಬೇರೆ ಕೋಶಗಳಲ್ಲಿ ಲೆಕ್ಕಹಾಕಿ, ‘ಕಸ್ಟಮ್’ ಆಯ್ಕೆಯಲ್ಲಿ ಆ ಕೋಶಗಳನ್ನು ಪ್ಲಸ್, ಮೈನಸ್ ಎರಡಕ್ಕೂ ತೋರಿಸುವುದು. ಇಂಟರ್ವಲ್ ಬೇಕಿದ್ದರೆ ‘ಕಾನ್ಫಿಡೆನ್ಸ್.ಟಿ’ ಸೂತ್ರ ಬಳಸಬೇಕು, ‘ಕಾನ್ಫಿಡೆನ್ಸ್.ನಾರ್ಮ್’ ಅದೇ 1.96 ಹಿಡಿಯುತ್ತದೆ.

ಇನ್ನು ಓದುವಾಗಿನ ಎಡವಟ್ಟು. ಗೆರೆಗಳು ಒಂದರ ಮೇಲೊಂದು ಬಂದರೆ ವ್ಯತ್ಯಾಸವಿಲ್ಲ, ಬಿಡಿಯಾಗಿದ್ದರೆ ಇದೆ ಎಂಬ ನಂಬಿಕೆ ಎರಡೂ ಕಡೆ ಕೈಕೊಡುತ್ತದೆ. ಐದು ತಳಿ, ನಾಲ್ಕು ಬ್ಲಾಕ್‌ಗಳ (ಒಂದೇ ಬಗೆಯ ಮಣ್ಣಿನ ಭಾಗಗಳು, ಪ್ರತಿಯೊಂದರಲ್ಲೂ ಐದೂ ತಳಿ) ಪ್ರಯೋಗದಲ್ಲಿ ದೋಷದ ಸ್ವಾತಂತ್ರ್ಯ ಸಂಖ್ಯೆ, ಅಂದರೆ ಏರುಪೇರು ಅಂದಾಜಿಸಲು ಉಳಿಯುವ ಸ್ವತಂತ್ರ ಅಂಕಿಗಳು, 12; ಅದಕ್ಕೆ ಕೋಷ್ಟಕದ ಟಿ ಬೆಲೆ 2.179. ಕೃಷಿ ಪ್ರಬಂಧಗಳಲ್ಲಿ ಕೋಷ್ಟಕದ ಕೆಳಗೆ ಬರೆಯುವ ‘ಎಸ್.ಇಎಂ’, ಅಂದರೆ ಸರಾಸರಿಯ ಸ್ಟ್ಯಾಂಡರ್ಡ್ ಎರರ್, 0.5 ಕ್ವಿಂಟಲ್ ಎನ್ನಿ. ಸ್ಟ್ಯಾಂಡರ್ಡ್ ಎರರ್ ಗೆರೆಗಳು 1 ಕ್ವಿಂಟಲ್ ಅಂತರ ದಾಟಿದ ಕೂಡಲೇ ಬಿಡಿಯಾಗುತ್ತವೆ. ಶೇ 95ರ ಇಂಟರ್ವಲ್‌ಗಳು ಬಿಡಿಯಾಗಲು 2.18 ಕ್ವಿಂಟಲ್ ಅಂತರ ಬೇಕು. ಆದರೆ ಶೇ 5ರ ಮಟ್ಟದಲ್ಲಿ ಎರಡು ತಳಿಗಳನ್ನು ಬೇರ್ಪಡಿಸುವ ‘ಸಿ.ಡಿ.’ (ಕ್ರಿಟಿಕಲ್ ಡಿಫರೆನ್ಸ್), ಅಂದರೆ ಎಸ್.ಇಎಂ ಅನ್ನು 2ರ ವರ್ಗಮೂಲದಿಂದಲೂ ಟಿ ಬೆಲೆಯಿಂದಲೂ ಗುಣಿಸಿದರೆ ಬರುವುದು, 1.54 ಕ್ವಿಂಟಲ್. ಅಂತರ 1.2 ಇದ್ದರೆ ಗಿಡ್ಡ ಗೆರೆಗಳು ಸಿ.ಡಿ. ದಾಟದ ವ್ಯತ್ಯಾಸವನ್ನೂ ಇದೆಯೆಂಬಂತೆ ತೋರಿಸುತ್ತವೆ, 1.8 ಇದ್ದರೆ ಉದ್ದ ಗೆರೆಗಳು ಸಿ.ಡಿ. ದಾಟಿದ್ದನ್ನೂ ಮುಚ್ಚಿಡುತ್ತವೆ.

ಮೇಲಾಗಿ, ಒಂದೊಂದು ತಳಿಗೂ ಪ್ರತ್ಯೇಕವಾಗಿ ಎಳೆದ ಗೆರೆಯಲ್ಲಿ ಬ್ಲಾಕ್‌ನಿಂದ ಬ್ಲಾಕ್‌ಗೆ ಮಣ್ಣಿನಲ್ಲಿರುವ ಏರುಪೇರೂ ಸೇರಿಕೊಂಡಿರುತ್ತದೆ. ಬ್ಲಾಕ್ ಮಾಡಿದ್ದೇ ಅದನ್ನು ಹೊರಗಿಡಲು! ಹಾಗಾಗಿ ಇಂಥ ಪ್ರಯೋಗದ ನಕ್ಷೆಯಲ್ಲಿ ಪ್ರತಿ ಕಂಬಕ್ಕೂ ಗೆರೆ ಹಾಕುವ ಬದಲು ಮೂಲೆಯಲ್ಲಿ ಸಿ.ಡಿ.ಯಷ್ಟು ಉದ್ದದ ಒಂದೇ ಗೆರೆ ಎಳೆಯುವುದು ಮೇಲು. ಓದುಗ ಅದನ್ನು ಕಣ್ಣಳತೆಯಲ್ಲೇ ಎರಡು ಕಂಬಗಳ ಅಂತರಕ್ಕೆ ಹಿಡಿದು ನೋಡಬಹುದು. ಹತ್ತಾರು ತಳಿಗಳಿದ್ದಾಗ ಎಲ್ಲ ಜೋಡಿಗಳಿಗೂ ಹೀಗೆ ಹಿಡಿದರೆ ಕೆಲವು ಆಕಸ್ಮಿಕವಾಗಿಯೇ ಬೇರೆಯಾಗಿ ಕಾಣುತ್ತವೆ ಎಂಬುದೂ ನೆನಪಿರಲಿ.

ಪತ್ರಿಕೆಯಿಂದ ಕೇಳುವುದು ನಕ್ಷೆಯಡಿ ಒಂದು ಸಾಲು, ಅಷ್ಟೇ: ‘ಕಂಬ, 4 ತಾಕುಗಳ ಸರಾಸರಿ, ಗೆರೆ, ಆ ಸರಾಸರಿಯ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್, ನಿಮ್ಮ ಹೊಲದ ಇಳುವರಿ ಇದರ ಹೊರಗೂ ಇರಬಹುದು.’

– ಸಂಖ್ಯಾಶಾಸ್ತ್ರ ಅಧ್ಯಾಪಕ, ಧಾರವಾಡ