ಭಾಗ್ಯಾಳ ವರದಿಯ ಬಗ್ಗೆ ಅಪ್ಪಾಜಿಯವರಿಗೆ

ಎಡಿನ್‌ಬರೋ

ತೀರ್ಥರೂಪ ಅಪ್ಪಾಜಿಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮವಾಗಿದ್ದೇನೆ.

ನಿಮ್ಮ ಪತ್ರ ತಲುಪಿತು. ಅಕ್ಕನನ್ನು ಸೋದರಮಾವನಿಗೆ ಕೊಟ್ಟಿದ್ದರಿಂದಲೇ ಅವಳ ಮಗಳು ಭಾಗ್ಯಾಳಿಗೆ ಹೀಗಾಯಿತೆಂದು ಶಹಾಪುರದಲ್ಲಿ ಜನ ಆಡಿಕೊಳ್ಳುತ್ತಿರುವುದನ್ನೂ, ಅದು ಕಿವಿಗೆ ಬಿದ್ದು ಸುರಪುರದವರು ಸುಮಾಳ ಸಂಬಂಧಕ್ಕೆ ಹಿಂದೇಟು ಹಾಕಿರುವುದನ್ನೂ ಓದಿ ಸಂಕಟವಾಯಿತು. ಅಪ್ಪಾಜಿ, ಈ ಮಾತು ಸುಳ್ಳು. ರಕ್ತಸಂಬಂಧದ ಮದುವೆಯಿಂದ ಕೆಲವು ಕಾಯಿಲೆಗಳು ಹೆಚ್ಚುವುದು ನಿಜ, ಆದರೆ ಭಾಗ್ಯಾಳಿಗಿರುವ, ಮೆದುಳಿನ ಬೆಳವಣಿಗೆಯನ್ನು ಕೆಡಿಸುವ ರೆಟ್ ಸಿಂಡ್ರೋಮ್ ಆ ಜಾತಿಯದಲ್ಲ.

ವರದಿಯಲ್ಲಿರುವ ಎಂಇಸಿಪಿ2 ಎಂಬ ಜೀನ್ ತಯಾರಿಸುವ ಪ್ರೋಟೀನು, ಕಾಲುವೆಯ ತೂಬು ಕಾಯುವವನು ಯಾವ ಹೊಲಕ್ಕೆ ಎಷ್ಟು ನೀರೆಂದು ನೋಡಿಕೊಳ್ಳುವ ಹಾಗೆ, ಮೆದುಳಿನ ಜೀವಕೋಶಗಳಲ್ಲಿ ಬೇರೆ ಜೀನ್‌ಗಳು ಎಷ್ಟು ಕೆಲಸ ಮಾಡಬೇಕೆಂಬುದನ್ನು ಹತೋಟಿಯಲ್ಲಿಡುತ್ತದೆ. ಅದು ಕೆಟ್ಟಾಗ, ಚೆನ್ನಾಗಿಯೇ ಬೆಳೆಯುತ್ತಿದ್ದ ಹೆಣ್ಣುಕೂಸು ವರ್ಷ ಒಂದೂವರೆ ವರ್ಷದ ಹೊತ್ತಿಗೆ ಕಲಿತ ಮಾತನ್ನೂ ಕೈಹಿಡಿತವನ್ನೂ ಕಳೆದುಕೊಳ್ಳುತ್ತದೆ. ವಿಡಿಯೋ ಕಾಲ್‌ನಲ್ಲಿ ನೋಡಿದೆನಲ್ಲ, ಭಾಗ್ಯಾ ಎರಡೂ ಕೈಗಳನ್ನು ಎದೆಯ ಹತ್ತಿರ ತಂದು ತೊಳೆಯುವಂತೆ ಉಜ್ಜುತ್ತಲೇ ಇದ್ದಳು. ಅದೇ ಈ ಕಾಯಿಲೆಯ ಗುರುತು. ಸುಮಾರು ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ, ಯಾವ ದೇಶವೆನ್ನದೆ, ಇದು ಬರುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಪಾಲು ಮನೆತನದಿಂದ ಬಂದದ್ದಲ್ಲ, ಆ ಕೂಸಿನಲ್ಲೇ ಹೊಸದಾಗಿ ಆದ ಬದಲಾವಣೆ. ಅಕ್ಕ, ಮಾವ ಇಬ್ಬರ ರಕ್ತದಲ್ಲೂ ದೋಷವಿಲ್ಲವೆಂದು ವರದಿಯ ಕೊನೆಯ ಪುಟದಲ್ಲೇ ಇದೆ. ಆ ಪುಟವನ್ನು ನಮ್ಮ ಡಾಕ್ಟರರ ಕೈಯಿಂದಲೇ ಸುರಪುರದವರಿಗೆ ಓದಿಸಿರಿ. ಆಮೇಲೂ ಅವರು ಒಲ್ಲೆವೆಂದರೆ, ಅಂಥ ಮನೆಗೆ ಸುಮಾಳನ್ನು ಕೊಡುವುದು ನನಗೂ ಒಪ್ಪಿಗೆಯಿಲ್ಲ.

ಇಲ್ಲಿ ಈಗ ರಾತ್ರಿ ಹತ್ತಕ್ಕೆ ಹೊತ್ತು ಮುಳುಗುತ್ತದೆಯಾದರೂ ನನ್ನ ಊಟ, ನಿದ್ದೆ ಸರಿಯಾಗಿವೆ. ಜೋಳದ ಹಿಟ್ಟೂ ಸಿಗುತ್ತದೆ. ಮೇಲೆ ಹೇಳಿದ ಆ ಪ್ರೋಟೀನನ್ನು 1992ರಲ್ಲಿ ಗುರುತಿಸಿದ ವಿಜ್ಞಾನಿ ಏಡ್ರಿಯನ್ ಬರ್ಡ್ ಅವರ ತಂಡ 2007ರಲ್ಲಿ ಇದೇ ಊರಿನಲ್ಲಿ, ಇಲಿಗಳಲ್ಲಿ ಆ ಜೀನನ್ನು ಮತ್ತೆ ಚಾಲೂ ಮಾಡಿದಾಗ ಕಾಯಿಲೆಯ ಲಕ್ಷಣಗಳು ಹಿಂದೆ ಸರಿದವು. ಮನುಷ್ಯರಿಗೆ ಅಂಥ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆದ ಟ್ರೋಫಿನೆಟೈಡ್ ಎಂಬ ಔಷಧಿ ಲಕ್ಷಣಗಳನ್ನು ಸ್ವಲ್ಪ ತಗ್ಗಿಸುತ್ತದೆಯೇ ಹೊರತು ಜೀನನ್ನು ಸರಿಪಡಿಸುವುದಿಲ್ಲ. ಆದ್ದರಿಂದ ಚಿಕಿತ್ಸೆಗೆಂದು ಹೊಲ ಮಾರುವ ಮಾತು ಖಂಡಿತ ಬೇಡ. ಕಲಬುರಗಿಯಲ್ಲಿ ನಡೆಯುತ್ತಿರುವ ಫಿಸಿಯೋಥೆರಪಿ ಒಂದು ವಾರವೂ ತಪ್ಪದಿರಲಿ, ಅದರ ಖರ್ಚು ನನ್ನದು.

ನೀವು ಯಾವ ತಪ್ಪೂ ಮಾಡಿಲ್ಲ, ಅಪ್ಪಾಜಿ. ಚಿಂತೆ ಬಿಡಿರಿ, ಎಲ್ಲವೂ ಸರಿಹೋಗುತ್ತದೆ. ಅವ್ವನ ಬಿಪಿ ಗುಳಿಗೆ ತಪ್ಪಿಸಬೇಡಿರಿ. ಬಸ್ಸಿಗೆ ಹೊತ್ತಾಯಿತು, ಹಣವನ್ನು ಸೋಮವಾರ ಅಕ್ಕನ ಖಾತೆಗೆ ಹಾಕುತ್ತೇನೆ.

ಇಂತಿ ನಿಮ್ಮ ಮಗ,
ಶರಣು